ಚಿಟಿಕೆಯ ಬೆನ್ನಿಗೆ ಎರಡು ಕಣ್ಣು

“ಕಣ್ಣು ಹಾಕಲಾ?” ಎಂದು ಅವನು ಕೇಳಿದ.

ಕೈಯಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ದಾರದ ತುಂಡು. ನಾನು ಅಂಗಡಿಯೊಳಗೆ ಕಾಲಿಟ್ಟು ಸರಿಯಾಗಿ ಉಸಿರೂ ಬಿಟ್ಟಿರಲಿಲ್ಲ.

“ಏನಂದ್ರಿ?”

“ಕಣ್ಣು. ಹಾಕಲಾ, ಬೇಡ್ವಾ?”

“ಹಾಕಿ ನೋಡಿ,” ಎಂದೆ. “ಆಮೇಲೆ ಮುಲಾಮು ಕೇಳ್ಕೊಂಡು ಆಸ್ಪತ್ರೇಲಿ ನನ್ನ ಕೌಂಟರಿಗೇ ಬರ್ಬೇಕಾಗುತ್ತೆ.”

ದಾರ ಬಾಯಿಂದ ಬಿತ್ತು. ಅವನ ಕಿವಿ ಕೆಂಪಾಯಿತು. “ಅಯ್ಯೋ, ನಿಮ್ಮ ಮೇಲಲ್ಲ ಮೇಡಂ! ನಾಯಿ ಮೇಲೆ. ಅಂದ್ರೆ, ನಾಯಿ ಅಂಗಿ ಮೇಲೆ. ನಿನ್ನೆ ಫೋನಲ್ಲಿ ಹೇಳಿದ್ರಲ್ಲ, ಹದ್ದಿನ ಕಾಟ ಅಂತ? ಬೆನ್ನಿಗೆ ಎರಡು ಕಣ್ಣು ಹೊಲಿದ್ರೆ, ಮೇಲಿಂದ ನೋಡೋ ಹದ್ದಿಗೆ ಯಾರೋ ತನ್ನನ್ನೇ ಗುರಾಯಿಸ್ತಿದಾರೆ ಅನ್ಸುತ್ತೆ.”

ಬೇರೆ ಕಾಲವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮನೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿ ಅವಳನ್ನೂ ನಗಿಸುತ್ತಿದ್ದೆ. ಆವತ್ತು ಇದು ತಮಾಷೆಯ ವಿಷಯ ಎಂದು ಗೊತ್ತಾಯಿತು, ಅಷ್ಟೆ. ಅಕ್ಕ ಹೋದ ಮೇಲೆ ನನಗೆ ಎಲ್ಲವೂ ಹೀಗೆಯೇ ಗೊತ್ತಾಗುತ್ತಿತ್ತು. ಊಟ ಬಿಸಿಯಿದೆ. ಇವತ್ತು ಗಾಳಿ ಜೋರು. ಈ ಮನುಷ್ಯ ನೋಡಲು ಚೆನ್ನಾಗಿದ್ದಾನೆ. ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಇರುತ್ತದೆ, ನಮ್ಮದು ಅನ್ನಿಸುವುದಿಲ್ಲ. ನನಗೆ ಮೈಯೆಲ್ಲ ಹಾಗಾಗಿತ್ತು.

ಚಿಟಿಕೆ ಅಕ್ಕನ ನಾಯಿ. ಹುಟ್ಟಿದಾಗ ಒಂದು ಚಿಟಿಕೆಯಷ್ಟಿದ್ದಳಂತೆ. ಆಮೇಲೂ ಬೆಳೆದು ಉದ್ಧಾರವಾಗಲಿಲ್ಲ, ಈಗಲೂ ಕೈಚೀಲದಲ್ಲಿ ಹಿಡಿಸುತ್ತಾಳೆ. ಎಲ್ಲ ಮುಗಿದ ಮೇಲೆ ಭಾವ ಅವಳನ್ನು ತಂದು ನನ್ನ ಮಡಿಲಿಗೆ ಹಾಕಿದ್ದರು. “ಬಾಗಿಲು ನೋಡ್ಕೊಂಡೇ ಕೂತಿರ್ತಾಳಮ್ಮ. ನನ್ನ ಕೈಲಿ ನೋಡೋಕಾಗಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕಾಪಾಡು,” ಎಂದಿದ್ದರು. ಆಮೇಲೆ ಪ್ರತಿ ಭಾನುವಾರ ಅವರ ಫೋನ್. “ಹೇಗಿದ್ದಾಳೆ?” ಎಂದಷ್ಟೇ ಕೇಳುವರು. “ಚೆನ್ನಾಗಿದ್ದಾಳೆ,” ಎನ್ನುವೆ. ಅಷ್ಟಕ್ಕೇ ಫೋನ್ ಇಡುವರು.

ನಾನಿರುವುದು ಗಣಿ ಕೆಲಸಗಾರರ ಕಾಲೊನಿಯಲ್ಲಿ. ಗಣಿಯ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕೆಲಸ. ರಸ್ತೆ ಇಲ್ಲಿಗೇ ಮುಗಿಯುತ್ತದೆ. ಆಚೆಗೆ ಬೋಳು ಬೆಟ್ಟ, ಬಂಡೆ, ಕುರುಚಲು ಗಿಡ, ಆಕಾಶ. ಕ್ವಾರ್ಟರ್ಸಿನ ಹಿತ್ತಲಿಗೆ ಬೇಲಿಯಿಲ್ಲ. ಪಕ್ಕದ ಮನೆಯವರ ಮೊಲ ಹೋಯಿತು. ಆಂಬುಲೆನ್ಸ್ ಡ್ರೈವರನ ಬೆಕ್ಕಿನ ಮರಿ ಹೋಯಿತು. ಆಮೇಲೆ ಆ ದೊಡ್ಡ ಹದ್ದು ನಮ್ಮ ನೀರಿನ ಟ್ಯಾಂಕಿನ ಮೇಲೆ ಕೂತು, ಕುತ್ತಿಗೆ ಓರೆ ಮಾಡಿ ಚಿಟಿಕೆಯನ್ನು ನೋಡತೊಡಗಿತು.

ಚಿಟಿಕೆ ಹೋದರೆ ಭಾನುವಾರ ಭಾವನಿಗೆ ಏನು ಹೇಳಲಿ? ಅದೊಂದು ಮಾತನ್ನು ಹೇಳುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಲಾರಿಗಳಿಗೆ ಟಾರ್ಪಾಲಿನ್ ಹೊಲಿಯುವವನನ್ನು ಹುಡುಕಿಕೊಂಡು ಬಂದಿದ್ದೆ. ಕಾಲೊನಿಗೆಲ್ಲ ಇದ್ದ ಹೊಲಿಗೆ ಅಂಗಡಿ ಅದೊಂದೇ.

“ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದ್ರೆ ಇದೇ,” ಎನ್ನುತ್ತ ಅವನು ಲಾರಿ ಹೊದಿಕೆಗಳ ರಾಶಿಯ ನಡುವೆ ಚಿಟಿಕೆಯನ್ನು ನಿಲ್ಲಿಸಿ ಅಳತೆ ತೆಗೆದುಕೊಂಡ. ಅವಳು ಅವನ ಹೆಬ್ಬೆರಳು ನೆಕ್ಕಿದಳು. ನಾಚಿಕೆಯಿಲ್ಲದ ನಾಯಿ.

ಮುಂದಿನ ವಾರ ಹೋದಾಗ ಅಂಗಿ ಸಿದ್ಧವಾಗಿತ್ತು, ಕಿತ್ತಳೆ ಬಣ್ಣದ್ದು. ಬೆನ್ನಿನ ಮೇಲೆ ಬಿಳಿ, ಕಪ್ಪು ರೆಕ್ಸಿನ್ನಿನ ಎರಡು ದೊಡ್ಡ ಕಣ್ಣು.

“ಈ ಕಣ್ಣು ಯಾಕೆ ಹೀಗೆ ನೋಡ್ತಿದೆ?” ಎಂದೆ.

“ಹೇಗೆ?”

“ಏನನ್ನೂ ನೋಡದೆ ಇರೋ ಹಾಗೆ.”

ಅವನು ಕತ್ತರಿ ಕೆಳಗಿಟ್ಟ. “ಆವತ್ತು ನೀವು ಎದುರಿಗೆ ನಿಂತಿದ್ರಿ. ಮನಸ್ಸಲ್ಲಿ ನಿಮ್ಮ ಕಣ್ಣೇ ಇತ್ತು, ಹಾಗೇ ಕತ್ತರಿಸ್ಬಿಟ್ಟೆ. ಬೇಜಾರಾಯ್ತಾ?”

“ಇಲ್ಲ,” ಎಂದೆ. ನಿಜವಾಗಿಯೂ ಆಗಿರಲಿಲ್ಲ. ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಅಂಗಿ ಸರಿಯಾಗಿಯೇ ಇತ್ತು. ಆದರೂ ಅವನು ಮತ್ತೆ ಮತ್ತೆ ಕರೆಸಿದ. ಕುತ್ತಿಗೆ ಸ್ವಲ್ಪ ಸಡಿಲವಂತೆ, ಅಂಚು ಸ್ವಲ್ಪ ಒರಟಂತೆ. ನಾನೂ ಡ್ಯೂಟಿ ಮುಗಿಸಿ ಹೋಗುತ್ತಿದ್ದೆ. ಯಾಕೆಂದು ಯಾರಾದರೂ ಕೇಳಿದ್ದರೆ ಅಂಚು ಒರಟಾಗಿದೆ ಎನ್ನುತ್ತಿದ್ದೆ. ನಾನು ಅವನನ್ನು ಟಾರ್ಪಾಲಿನ್ ಎಂದು ಕರೆಯುತ್ತಿದ್ದೆ, ಅವನು ನನ್ನನ್ನು ಮಾತ್ರೆ ಮೇಡಂ ಎನ್ನುತ್ತಿದ್ದ. ಸೂಜಿಗೆ ದಾರ ಪೋಣಿಸುವಾಗ ಅವನು ಒಂದು ಕಣ್ಣು ಮುಚ್ಚುತ್ತಾನೆ. ತೆರೆದ ಕಣ್ಣು ದಾರದ ಮೇಲಿರಬೇಕು, ನನ್ನ ಮೇಲಿರುತ್ತಿತ್ತು.

“ಸೂಜಿ ಈ ಕಡೆ ಇಲ್ಲ,” ಎಂದೆ ಒಮ್ಮೆ.

“ಗೊತ್ತು,” ಎಂದ. ದಾರ ತೂತು ತಪ್ಪಿ ಬೆರಳಿಗೆ ಅಂಟಿಕೊಂಡಿತು.

ಒಂದೇ ವಿಷಯಕ್ಕೆ ನಮಗೆ ಜಗಳ. ನಾನು ಹೊಟ್ಟೆಯ ಕೆಳಗೆ ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿಯನ್ನು ಬಿಗಿಯಾಗಿ ಎಳೆದು ಪಿನ್ನು ಚುಚ್ಚುತ್ತಿದ್ದೆ, ಅವನು ಆ ಪಿನ್ನು ಕಿತ್ತೆಸೆಯುತ್ತಿದ್ದ.

“ಜೋರಾಗಿ ಎಳೆದ್ರೆ ಬಿಚ್ಕೋಬೇಕು ಮೇಡಂ.”

“ಬಿಚ್ಕೊಳ್ಳೋ ಅಂಗಿ ಯಾಕೆ ಬೇಕು?”

“ಹದ್ದಿಗೆ ಅಂಗಿ ಸಿಗ್ಲಿ, ನಿಮಗೆ ನಾಯಿ ಉಳೀಲಿ ಅಂತ.”

ಒಂದು ಸಂಜೆ ಯಂತ್ರಕ್ಕೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಕೇಳಿದ. “ನಾನಂದ್ರೆ ಇಷ್ಟಾನಾ ನಿಮಗೆ?”

“ಗೊತ್ತಾಗ್ತಿಲ್ಲ.”

“ಅಂದ್ರೆ ಇಲ್ಲ ಅಂತಾನಾ?”

“ಇಲ್ಲ ಅಂತಾನೂ ಗೊತ್ತಾಗ್ತಿಲ್ಲ. ನಂಗೀಗ ಯಾವುದರ ಬಗ್ಗೆನೂ ಏನೂ ಅನ್ನಿಸ್ತಿಲ್ಲ. ಸುಳ್ಳು ಹೇಳ್ತಿಲ್ಲ.”

ಬೇರೆಯವರಾದರೆ ಮುಖ ಊದಿಸಿಕೊಳ್ಳುತ್ತಿದ್ದರು. ಅವನು ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದ. “ಸರಿ. ಅನ್ನಿಸಿದ ದಿನ ಹೇಳಿ. ಬೈಯ್ಬೇಕು ಅನ್ಸಿದ್ರೂ ಪರ್ವಾಗಿಲ್ಲ, ಬಂದು ಬೈಯಿರಿ.”

ಯಾಕೆ ಹೀಗಾಗಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ, ಚಿಟಿಕೆ ನನ್ನದೇ ನಾಯಿ ಎಂದುಕೊಂಡಿದ್ದ.

ಅದಾದ ಮೇಲೆ ಬಂದ ರಜೆಯ ಬೆಳಗ್ಗೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಚಿಟಿಕೆ ಕಾಲ ಬಳಿಯಿಂದ ಸ್ವಲ್ಪ ದೂರ ಹೋಗಿ ಏನನ್ನೋ ಮೂಸುತ್ತಿದ್ದಳು. ಬಿಳಿ ದುಪ್ಪಟಿಯ ಮೇಲೆ ನೆರಳು ಹಾದುಹೋಯಿತು. ತಿರುಗುವಷ್ಟರಲ್ಲಿ ರೆಕ್ಕೆಯ ಸದ್ದು, ಧೂಳು. ಬೆನ್ನಿನ ಕಣ್ಣಿಗೆ ಹದ್ದು ಸೊಪ್ಪು ಹಾಕಿರಲಿಲ್ಲ. ಚಿಟಿಕೆಯ ನಾಲ್ಕೂ ಕಾಲು ನೆಲ ಬಿಟ್ಟಿದ್ದವು.

ನಾನು ಕಿರುಚಿದೆ. ನಾಯಿಯ ಹೆಸರು ಬರಲಿಲ್ಲ. ಬಾಯಿಂದ ಬಂದದ್ದು “ಅಕ್ಕಾ!”

ನನ್ನ ತಲೆಯೆತ್ತರದಲ್ಲಿ ಪಟ್ಟಿ ಪರ್ರೆಂದು ಬಿಚ್ಚಿಕೊಂಡಿತು. ಚಿಟಿಕೆ ಕುರುಚಲಿನೊಳಗೆ ಬಿದ್ದಳು. ಹದ್ದು ಕಿತ್ತಳೆ ಅಂಗಿಯನ್ನು ಹಿಡಿದುಕೊಂಡು ಬೆಟ್ಟದ ಕಡೆ ಹೋಯಿತು. ನಾನು ಅವಳನ್ನು ಎತ್ತಿ ಎದೆಗೊತ್ತಿಕೊಂಡು ಓಡಿದೆ. ಎಲ್ಲಿಗೆಂದು ಯೋಚಿಸಲಿಲ್ಲ. ನಿಂತಾಗ ಅವನ ಅಂಗಡಿಯೊಳಗಿದ್ದೆ, ಬರಿಗಾಲಿನಲ್ಲಿ.

“ಅಂಗಿ ಹೋಯ್ತು,” ಎಂದೆ.

ಅವನು ಯಂತ್ರ ಬಿಟ್ಟು ಎದ್ದು ಬಂದ. ಚಿಟಿಕೆಯ ಕಾಲು, ಬೆನ್ನು, ಹೊಟ್ಟೆ ಎಲ್ಲ ಸವರಿ ನೋಡಿದ. ಬೆನ್ನಿನ ಮೇಲೆ ಒಂದು ಗೀರು, ಬೇರೇನೂ ಇಲ್ಲ.

“ಅಂಗಿ ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದು ಹೊಲಿಯೋಣ. ಅದಕ್ಯಾಕೆ ಅಳ್ತೀರಿ?”

ಕೆನ್ನೆ ಮುಟ್ಟಿಕೊಂಡೆ. ಒದ್ದೆಯಾಗಿತ್ತು.

“ಇದು ನಮ್ಮಕ್ಕನ ನಾಯಿ,” ಎಂದೆ. “ನಮ್ಮಕ್ಕ ತೀರ್ಕೊಂಡ್ಳು.”

ಅಲ್ಲಿಯವರೆಗೆ ಈ ಮಾತನ್ನು ನಾನು ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದ ಕೂಡಲೇ ಮೊದಲು ಬಂದದ್ದು ಚಳಿ. ಪಾದ ಉರಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಅವನು ಶಾಲು ಹುಡುಕಿದ; ಆ ಅಂಗಡಿಯಲ್ಲಿ ಮೆತ್ತಗಿರುವುದು ಏನಿದೆ? ಕೊನೆಗೆ ಅರ್ಧ ಹೊಲಿದ ಲಾರಿ ಹೊದಿಕೆಯನ್ನೇ ಎಳೆದು ನನಗೂ ಚಿಟಿಕೆಗೂ ಸೇರಿಸಿ ಹೊದಿಸಿದ. ರಬ್ಬರಿನ ವಾಸನೆ, ಹೊರಲಾರದಷ್ಟು ಭಾರ. ನಾನು ಅದರೊಳಗೆ ನೆಲದ ಮೇಲೆ ಕುಸಿದು ಕೂತೆ.

“ತುಂಬಾ ನೋಯ್ತಿದೆ,” ಎಂದೆ.

“ಹೂಂ.”

“ಇನ್ನೊಂದು ವಿಷಯ. ಇಷ್ಟ. ಆವತ್ತು ಕೇಳಿದ್ರಲ್ಲ, ನೀವಂದ್ರೆ ಇಷ್ಟ. ಎರಡೂ ಒಟ್ಟಿಗೇ ಬಂದ್ಬಿಟ್ಟಿದೆ. ಯಾವುದಕ್ಕೆ ಅಳ್ತಿದೀನಿ ಅಂತ ಮಾತ್ರ ಕೇಳ್ಬೇಡಿ.”

“ಕೇಳಲ್ಲ,” ಎಂದ. ಅವನ ಕಣ್ಣೂ ತುಂಬಿತ್ತು.

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. “ಏನಪ್ಪಾ, ನನ್ನ ಟಾರ್ಪಾಲಿನ್ ಆಯ್ತಾ?” ಎಂದು ಡ್ರೈವರ್ ಕೂಗಿದ.

ಅವನು ನನ್ನನ್ನು ನೋಡಿದ, ನನ್ನ ಮೇಲಿದ್ದ ಹೊದಿಕೆಯನ್ನು ನೋಡಿದ. ಬಾಗಿಲಿಗೆ ಹೋಗಿ ಹೇಳಿದ, “ಇಲ್ಲಣ್ಣ. ಅದು ಇವತ್ತು ಆಗಲ್ಲ.”

ಶಟರ್ ಅರ್ಧಕ್ಕೆ ಎಳೆದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತ. ನಾನು ಅಳುತ್ತಲೇ ಹೊದಿಕೆಯ ಒಂದು ಅಂಚನ್ನು ಎತ್ತಿ ಅವನ ಹೆಗಲಿಗೂ ಹಾಕಿದೆ.