ಬೆವರುವ ಬಾಗಿಲು

ತೆರೆದ ಡಬ್ಬ ವಾಪಸ್ ತರುವ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೋಡಲು ಚೆನ್ನಾಗಿರುವವರು ತಂದರೆ ಇನ್ನೂ ಕಷ್ಟ, ಬಾಯಿತುಂಬ ಬೈಯಲೂ ಆಗುವುದಿಲ್ಲ.

ಹಿಂದಿನ ಬೀದಿಯ ಟೈಲರ್ ಅವತ್ತು ಪಾಲಿಶ್‌ಗೆ ಮೊದಲು ಮರಕ್ಕೆ ಹಚ್ಚುವ ಸ್ಯಾಂಡಿಂಗ್ ಸೀಲರ್ ಡಬ್ಬವನ್ನು ನಮ್ಮ ಬಣ್ಣದಂಗಡಿಯ ಕೌಂಟರಿನ ಮೇಲೆ ಕುಕ್ಕಿದ.

"ಇದು ಒಣಗಲ್ಲ ಕಣ್ರೀ. ಎಷ್ಟು ಸಲ ಹಚ್ಚಿದ್ರೂ ಅಂಟು ಅಂಟು."

"ಊರಿಗೆಲ್ಲ ಒಣಗೋ ಸೀಲರ್ ನಿಮಗೊಬ್ಬರಿಗೆ ಒಣಗಲ್ವಾ? ಮರ ತುಂಬಾ ಕುಡಿಯುತ್ತೆ ಅಂದ್ರಿ, ಅದಕ್ಕೇ ಇದು ಕೊಟ್ಟೆ."

"ಥಿನ್ನರ್ ಕುಡಿಯುತ್ತೆ ಅಂದಿದ್ದು ನಾನು. ಎಣ್ಣೆ ತೆಗೆಯೋಕೆ ಅದರಲ್ಲಿ ಒರೆಸ್ತಾನೇ ಇರಬೇಕು. ಒರೆಸಿದ ಮೇಲೂ ಎಣ್ಣೆ ಬರುತ್ತೆ."

ಅಯ್ಯೋ ದೇವರೇ! ನಮ್ಮ ಕಸುಬಿನಲ್ಲಿ ಮರಗಳು ಎರಡು ಥರ. ಕುಡಿಯುವ ಮರ, ಬೆವರುವ ಮರ. ಕುಡಿಯುವ ಮರದ ತುಂಬ ಸಣ್ಣ ಸಣ್ಣ ತೂತು. ಗಟ್ಟಿ ಸೀಲರ್ ಹಚ್ಚಿ ತೂತು ತುಂಬಿಸಿ ಉಜ್ಜಿದರೆ ನುಣ್ಣಗಾಗುತ್ತದೆ. ಬೆವರುವ ಮರದ ಒಳಗೇ ಎಣ್ಣೆ ಇರುತ್ತದೆ. ಅದಕ್ಕೆ ಈ ಸೀಲರ್ ಹಚ್ಚಿದರೆ ಹಿಡಿಯುವುದೇ ಇಲ್ಲ, ಮೇಲೆ ಹಾಗೇ ಕೂತಿರುತ್ತದೆ. ಅದಕ್ಕೆ ಮೇಣ ತೆಗೆದ ಅರಗಿನ ಸೀಲರ್ ಆಗಬೇಕು.

"ತೇಗದ ಮರಾನಾ?"

"ಹಳೇ ಬಣ್ಣ ಕೆರೆದ ಮೇಲೆ ಗೊತ್ತಾಯ್ತು. ತೇಗದ ಬಾಗಿಲು."

ಮೊದಲೇ ಬೊಗಳಬಾರದಿತ್ತಾ ಎಂದು ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಅವನ ಕಣ್ಣು ನನ್ನ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ನಿಧಾನವಾಗಿ ಹೋಗಿ, ಕುತ್ತಿಗೆಯ ಹತ್ತಿರ ಒಂದು ಕ್ಷಣ ನಿಂತಿತು.

"ಏನ್ರೀ, ಕಣ್ಣಲ್ಲೇ ಅಳತೆ ತಗೋತಿದ್ದೀರಾ?"

"ಅಭ್ಯಾಸ ಆಗಿಬಿಟ್ಟಿದೆ. ಎಡಗಡೆ ಭುಜ ಸ್ವಲ್ಪ ಇಳಿದಿದೆ ನಿಮಗೆ."

"ಡಬ್ಬ ಹೊತ್ತೂ ಹೊತ್ತೂ."

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅತ್ತಿಗೆ ಸುಮ್ಮಸುಮ್ಮನೆ ಕೆಮ್ಮಿದರು. ನನ್ನ ಕಿವಿ ಬಿಸಿಯಾಯಿತು. ಅವನು ಅಂಗಡಿಗೆ ಬಂದಾಗಲೆಲ್ಲ ನಾನು ಚಿಲ್ಲರೆ ತಪ್ಪು ಕೊಡುತ್ತೇನೆ ಎಂದು ಅತ್ತಿಗೆ ಆಗಲೇ ಕಂಡುಹಿಡಿದಿದ್ದರು.

ಅವನು ದನಿ ತಗ್ಗಿಸಿದ. "ಉಳಿದ ಕಡೆ ಹಾಗೂ ಹೀಗೂ ಒಣಗುತ್ತೆ. ಒಂದೇ ಒಂದು ಜಾಗ ಒಣಗಲ್ಲ. ಅದು ಕೈ ಥರ ಇದೆ. ಐದೂ ಬೆರಳು ಕಾಣುತ್ತೆ."

"ಯಾರ ಕೈ?"

"ನನ್ನ ಹೆಂಡತೀದು."

ಅವಳು ತೀರಿಕೊಂಡಿದ್ದು ಬೀದಿಗೆಲ್ಲ ಗೊತ್ತಿತ್ತು.

"ಅಡುಗೆಮನೆಯಿಂದ ಎಣ್ಣೆಗೈಯಲ್ಲೇ ಬಂದು ಆ ಮಲಗೋ ಕೋಣೆ ಬಾಗಿಲು ನೂಕೋಳು. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ. ಅವಳು ಹೋದ ಮೇಲೆ ಆ ಕೋಣೆ ತೆಗೆದೇ ಇಲ್ಲ ನಾನು. ಬಾಗಿಲಿಗೆ ಹೊಸದಾಗಿ ಪಾಲಿಶ್ ಮಾಡಿದ್ರೆ ತೆಗೆಯೋ ಧೈರ್ಯ ಬರುತ್ತೇನೋ ಅಂದ್ಕೊಂಡೆ. ಈ ಸಲವೂ ಒಣಗದಿದ್ರೆ ಅದಕ್ಕೆ ಮೊಳೆ ಹೊಡೆದು, ಮನೆ ಖಾಲಿ ಮಾಡಿ, ಬೇರೆ ಊರಿಗೆ ಹೋಗಿಬಿಡ್ತೀನಿ."

ಹೋಗಿಬಿಡ್ತೀನಿ ಅಂತೆ! ಹೊಲಿಯಲು ಕೊಟ್ಟ ಬಟ್ಟೆ ಬೇಡ ಎಂದಷ್ಟು ಸಲೀಸಾಗಿ ಹೇಳಿಬಿಟ್ಟ. ಅರಗಿನ ಸೀಲರ್, ಥಿನ್ನರ್, ಎರಡು ಹತ್ತಿ ಬಟ್ಟೆ ಚೀಲಕ್ಕೆ ತುರುಕಿ ನಾನೇ ಅವನ ಹಿಂದೆ ಹೊರಟೆ. ಅತ್ತಿಗೆ ಈ ಸಲ ಕೆಮ್ಮಲೂ ಇಲ್ಲ.

ಮಟಮಟ ಮಧ್ಯಾಹ್ನ. ಅವನ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಕೋಟು, ನೆಲದ ಮೇಲೆ ಬಟ್ಟೆ ಚೂರುಗಳು. ಹೊರಗೆ ಅಷ್ಟು ಬಿಸಿಲಿದ್ದರೂ ಬಾಗಿಲಿನ ಹತ್ತಿರ ತಣ್ಣಗಿತ್ತು. ನನ್ನ ಎದೆಯ ಎತ್ತರಕ್ಕೆ ಕೈ ಕಂಡಿತು. ಚಿಕ್ಕ ಅಂಗೈ, ತೆಳ್ಳನೆಯ ಬೆರಳುಗಳು, ಈಗ ತಾನೇ ಒತ್ತಿದಷ್ಟು ಹಸಿ.

ಥಿನ್ನರ್ ಹಾಕಿ ಒರೆಸಿದೆ. ಹೋಯಿತು. ನೋಡುತ್ತ ನಿಂತೆವು. ಮೊದಲು ಕಿರುಬೆರಳು ಮೂಡಿತು, ಆಮೇಲೆ ಉಳಿದ ಬೆರಳುಗಳು ಒಂದೊಂದಾಗಿ, ಕೊನೆಗೆ ಅಂಗೈ. ತೇಗ ಎಣ್ಣೆ ಬಿಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೀಗೆ ಬೆರಳು ಎಣಿಸಿಕೊಂಡು ಬಿಡುವುದನ್ನು ನೋಡಿರಲಿಲ್ಲ.

"ಬೆವರೋ ಮರಕ್ಕೆ ಒರೆಸಿ, ಆರಿದ ತಕ್ಷಣ ಹಚ್ಚಿಬಿಡಬೇಕು ಕಣ್ರೀ. ಬಿಟ್ರೆ ಎಣ್ಣೆ ಮೇಲೆ ಬರುತ್ತೆ. ನೀವು ಹಾಗೆ ಮಾಡಿಲ್ಲ ಅಲ್ವಾ?"

"ಗೊತ್ತು. ಡಬ್ಬದ ಮೇಲೆ ಬರೆದಿದೆ."

"ಮತ್ತೆ?"

ಅವನು ನೆಲ ನೋಡಿದ. "ವಾಪಸ್ ಬರ್ತಾಳಾ ಅಂತ ನೋಡ್ತಾ ನಿಂತ್ಕೋತೀನಿ. ಬರ್ತಾಳೆ."

ನನಗೆ ಹೊಟ್ಟೆಕಿಚ್ಚಾಯಿತು, ಸತ್ತವಳ ಮೇಲೆ. ಮರುಕ್ಷಣವೇ ನಾಚಿಕೆಯೂ ಆಯಿತು. ಇಷ್ಟು ಪ್ರೀತಿಸಬಲ್ಲವನನ್ನು ಹೇಗೆ ಬಿಟ್ಟುಕೊಡಲಿ ಎಂದು ಅಳುವೂ ಬಂತು. ಅಳು ಬಂದರೆ ನನಗೆ ದನಿ ಜೋರಾಗುತ್ತದೆ.

"ನೋಡಿ, ಇದು ಒಬ್ಬರ ಕೈಲಾಗೋ ಕೆಲಸ ಅಲ್ಲ. ನೀವು ಒರೆಸ್ತಾ ಹೋಗಿ, ಹಿಂದೆಯೇ ನಾನು ಹಚ್ಚಿಕೊಂಡು ಬರ್ತೀನಿ. ನಿಲ್ಲೋ ಹಾಗಿಲ್ಲ. ಬೇಡ ಅನ್ನೋದಾದ್ರೆ ಈಗಲೇ ಹೇಳಿ, ಮೊಳೆ ನಾನೇ ತಂದುಕೊಡ್ತೀನಿ."

ಅವನು ನನ್ನನ್ನೇ ನೋಡಿದ. ಈ ಸಲ ಅಳತೆ ತೆಗೆಯಲಿಲ್ಲ. ಬಟ್ಟೆ ಕೈಗೆ ತೆಗೆದುಕೊಂಡ.

ಮೇಲಿನಿಂದ ಶುರುಮಾಡಿದೆವು. ಅವನ ಕೈ ಮುಂದೆ, ನನ್ನ ಕೈ ಹಿಂದೆ. ನಮ್ಮ ಮೊಣಕೈ ತಾಗಿದಾಗ ಇಬ್ಬರೂ ಕ್ಷಮೆ ಕೇಳಲಿಲ್ಲ. ಕೈಯ ಗುರುತಿನ ಹತ್ತಿರ ಬಂದು ಅವನು ನಿಂತುಬಿಟ್ಟ.

ಆಗ ಬಾಗಿಲಿನ ಆಚೆ ಕಡೆ ಸದ್ದಾಯಿತು. ಯಾರೋ ಅಂಗೈಯನ್ನು ಮರದ ಮೇಲೆ ಮೆಲ್ಲಗೆ ಸವರಿದಂಥ ಸದ್ದು.

"ಒಳಗೆ ಯಾರಿದ್ದಾರೆ?" ಎಂದೆ.

"ಯಾರೂ ಇಲ್ಲ."

ಅವನು ಬಾಗಿಲಿನ ಚೌಕಟ್ಟಿಗೆ ಹಣೆ ಇಟ್ಟ. "ಸಾಕು ಕಣೇ," ಎಂದ. ನನಗಲ್ಲ. "ನಿನ್ನನ್ನ ಮರೆಯಲ್ಲ. ಆದ್ರೆ ನಾನೂ ಬದುಕಬೇಕು ಕಣೇ."

ಒರೆಸಿದ. ನಾನು ಹಚ್ಚಿದೆ. ಎಲ್ಲೂ ಒಂದು ಗೆರೆಯೂ ಬೀಳಲಿಲ್ಲ.

ಅವನು ಟೀ ಮಾಡಿ ತಂದ. ಸಕ್ಕರೆ ಹಾಕಲು ಮರೆತಿದ್ದ, ನಾನು ಹೇಳಲಿಲ್ಲ. ಲೋಟ ಬರಿದಾದರೂ ಬಾಗಿಲಿನ ಮೇಲೆ ಏನೂ ಮೂಡಲಿಲ್ಲ. ಒಣಗಿದೆಯಾ ನೋಡೋಣ ಎಂದು ಎದ್ದುಹೋಗಿ, ಆ ಜಾಗದ ಮೇಲೆಯೇ ಅಂಗೈ ಇಟ್ಟೆ.

ಒಣಗಿತ್ತು. ಆದರೆ ಆಚೆಯಿಂದ ಯಾರೋ ಕೈ ಒತ್ತಿದರು. ಹಲಗೆಯ ಮೂಲಕವೇ ನನ್ನ ಬೆರಳುಗಳಿಗೆ ಬೆರಳುಗಳು, ಅಂಗೈಗೆ ಅಂಗೈ ತಗುಲಿತು. ಬೆಚ್ಚಗಿತ್ತು. ಕಿರುಚಬೇಕೆನಿಸಿತು, ಕಿರುಚಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಒತ್ತು ತಾನಾಗಿಯೇ ಸಡಿಲವಾಗಿ ಹೋಯಿತು.

"ಏನಾಯ್ತು? ಮುಖ ಯಾಕೆ ಹೀಗೆ ಬೆಳ್ಳಗಾಯ್ತು?"

"ಅವರು ಕೈ ತೆಗೆದ್ರು," ಎಂದೆ.

ಅವನು ಚಿಲಕ ಎಳೆದು ಬಾಗಿಲು ನೂಕಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮಂಚ, ಕಿಟಕಿ, ನೆಲ, ಬಾಗಿಲಿನ ಒಳಬದಿ, ಎಲ್ಲದರ ಮೇಲೂ ವರ್ಷಗಳ ಧೂಳು. ಬಾಗಿಲಿನ ಧೂಳಿನಲ್ಲಿ ಮಾತ್ರ ಒಂದು ಅಂಗೈಯಷ್ಟು ಜಾಗ ಸ್ವಚ್ಛವಾಗಿತ್ತು. ನೆಲದ ಧೂಳಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಅವನು ಆ ಜಾಗದ ಮೇಲೆ ತನ್ನ ಕೈಯಿಟ್ಟು ಅತ್ತ. ಅಳಲಿ ಎಂದು ಬಿಟ್ಟೆ. ಆಮೇಲೆ, ಇನ್ನು ತಡೆಯಲಾರದೆ, ಕೇಳಿಯೇಬಿಟ್ಟೆ.

"ಊರು ಬಿಟ್ಟು ಹೋಗ್ತೀರಾ?"

"ಇರಿ ಅಂತ ಯಾರಾದ್ರೂ ಹೇಳಿದ್ರೆ ಇರ್ತೀನಿ."

"ಇರಿ. ನೀವಂದ್ರೆ ನನಗೆ ಪ್ರಾಣ ಕಣ್ರೀ. ಇನ್ನೂ ಬಿಡಿಸಿ ಹೇಳಬೇಕಾ?"

ಅವನು ಬಾಗಿಲಿನಿಂದ ಕೈ ತೆಗೆದು ನನ್ನ ಕಡೆ ಚಾಚಿದ. ನಡುವೆಯೇ ತಡೆದು, ಬೆರಳುಗಳನ್ನು ನೋಡಿಕೊಂಡ.

"ಧೂಳಾಗಿದೆ."

"ಆಗಲಿ," ಎಂದು ಹಿಡಿದುಕೊಂಡೆ.