ಎರಡನೇ ಪ್ಯಾನೆಲ್ಲಿನ ಬೆನ್ನು

ಆಳೆತ್ತರದ ಒಂಬತ್ತು ಪ್ಯಾನೆಲ್ ಸೇರಿದರೆ ಒಂದು ನೀಲಿ ಮೀನು. ಈಜುಕೊಳದ ಹೊರಗೋಡೆಯ ಈ ಬೋರ್ಡನ್ನು ಬರೆದವಳು ನಾನು, ಕೂರಿಸುವವನು ಅವನು. ಮಟ್ಟ ಸರಿಯಿದ್ದರೆ ಗುಳ್ಳೆ ನಡುವೆ ನಿಲ್ಲುವ ರಸಮಟ್ಟ ಇಟ್ಟು ನೋಡದೆ ಒಂದು ಮೊಳೆಯನ್ನೂ ಹೊಡೆಯದವನು. ಹಾಗಾಗಿ ಅಪ್ಪನ ವರ್ಕ್‌ಶಾಪಿನಲ್ಲಿ ಅವನ ಹೆಸರೇ ರಸಮಟ್ಟ.

ಹೋದ ವಾರ ಬಣ್ಣದ ಡಬ್ಬ ಎತ್ತಿಕೊಡುತ್ತಾ ಕೇಳಿಬಿಟ್ಟಿದ್ದ. "ನನ್ನ ಮದ್ವೆ ಆಗ್ತೀಯಾ? ಬೋರ್ಡ್ ಏರೋ ಹೊತ್ತಿಗೆ ಹೇಳು. ಇಲ್ಲ ಅಂದ್ರೆ ಬೇರೆ ಊರಲ್ಲಿ ಕೆಲ್ಸ ಇದೆ, ಹೊರಟುಬಿಡ್ತೀನಿ."

ಎಲ್ಲರ ಬಾಯಿ ಮುಚ್ಚಿಸುವ ನನ್ನ ಬಾಯಿಗೆ ಆಗ ಬೀಗ. ಅದಕ್ಕೇ ಉತ್ತರವನ್ನು ಎರಡನೇ ಪ್ಯಾನೆಲ್ಲಿನ, ಅಂದರೆ ಮೀನಿನ ಕಣ್ಣಿನ, ಹಿಂಬದಿಯಲ್ಲಿ ಬರೆದೆ. ಪ್ರತಿ ಪ್ಯಾನೆಲ್ ತಿರುಗಿಸಿ, ಅದರ ಬೆನ್ನಿನ ಕೊಕ್ಕೆ ಪರೀಕ್ಷಿಸಿಯೇ ಅವನು ಕೂರಿಸುವುದು. ಓದದೆ ಎಲ್ಲಿಗೆ ಹೋದಾನು?

ಇವತ್ತು ಗಾಳಿ ಎದ್ದಿತು. "ಕೊಕ್ಕೆ ನಾನು ನೋಡ್ಕೋತೀನಿ, ನೀನು ಸ್ಕ್ರೂ ಬಿಗಿಯೋ," ಎಂದು ಅಪ್ಪನೇ ಅಟ್ಟಣಿಗೆ ಹತ್ತಿದರು. ಎರಡನೆಯದನ್ನೂ ಅವರೇ ನೋಡಿ ಗೋಡೆಗೆ ಒತ್ತಿ ಹಿಡಿದರು. ಕೆಳಗೆ ನಿಂತ ನಾನು ಉಗುರು ಕಚ್ಚಿಕೊಂಡೆ.

ಒಂಬತ್ತೂ ಕೂತವು. ಅವನು ಇಳಿದು ಬಂದು ಒಂದು ಗಳಿಗೆ ನನ್ನ ಮುಖ ನೋಡಿದ.

"ಹಾಗಾದ್ರೆ ಬರ್ತೀನಿ," ಎಂದ.

ಬಾಯಿ ಬಿಟ್ಟು ಹೇಳೋಣವೆಂದರೆ ಅಟ್ಟಣಿಗೆಯ ಮೇಲೆ ಅಪ್ಪ ಇದ್ದರು.

"ಎರಡನೇದು ಸೊಟ್ಟ ಇದೆ," ಎಂದೆ.

ಅವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. "ಗುಳ್ಳೆ ಸರಿಯಾಗಿ ನಡುವೇ ಇತ್ತು."

"ಮೀನಿಗೆ ಮೆಳ್ಳೆಗಣ್ಣು ಬಂದಿದೆ. ಬಿಚ್ಚಿ ನೋಡು."

"ಬಂದಿರೋದು ನಿನಗೆ," ಎಂದು ಗೊಣಗುತ್ತಲೇ ಹತ್ತಿದ. ನಾಲ್ಕು ಸ್ಕ್ರೂ ಬಿಚ್ಚಿ, ಅಪ್ಪನ ಜೊತೆ ಪ್ಯಾನೆಲ್ ತಿರುಗಿಸಿದ. ಅಲ್ಲಿದ್ದ ನನ್ನ ಬರಹವನ್ನು ಎರಡೆರಡು ಸಲ ಓದಿದ.

'ಹೂಂ. ಎಲ್ಲಿಗೂ ಹೋಗಬೇಡ' ಎಂದಷ್ಟೇ ಬರೆದಿದ್ದೆ.

ನಿಧಾನಕ್ಕೆ ಬಗ್ಗಿ ನನ್ನನ್ನು ನೋಡಿದ. ತುಟಿ ಬಿಗಿಹಿಡಿದಿದ್ದರೂ ಕಣ್ಣು ನಗುತ್ತಿತ್ತು.

"ಹೌದು, ಸ್ವಲ್ಪ ಸೊಟ್ಟ ಇತ್ತು."

ಅಬ್ಬಾ, ಹೋದ ಜೀವ ಬಂದಂತಾಯಿತು. ಅಲ್ಲೇ ಬಣ್ಣದ ಡಬ್ಬದ ಮೇಲೆ ಕುಳಿತುಬಿಟ್ಟೆ.

ಅಪ್ಪ ಗಂಟಲು ಸರಿಮಾಡಿಕೊಂಡರು. "ಕೊಕ್ಕೆ ನೋಡುವಾಗ್ಲೇ ನಾನು ಓದಿದ್ದೆ. ಬಾಯಿ ಬಿಟ್ಟು ಹೇಳ್ತಾಳೇನೋ ಅಂತ ಸುಮ್ನಿದ್ದೆ. ಅಳಿಯಂದ್ರೇ, ಗಾಳಿ ಜೋರಾಗೋದ್ರೊಳಗೆ ಆ ಕಣ್ಣು ವಾಪಸ್ ಕೂರಿಸಿ."

ಅಳಿಯಂದಿರು ಕೂರಿಸಿದರು. ರಸಮಟ್ಟ ಇಟ್ಟು ನೋಡುವುದನ್ನು ಮಾತ್ರ ಮರೆತರು. ಮೀನಿನ ಕಣ್ಣು ಈಗ ನಿಜಕ್ಕೂ ಒಂಚೂರು ಸೊಟ್ಟಗಿದೆ.