ಎಡದಿಂದ ಮೂರನೇ ಬಟನ್

ಮೇ 6, ಮಂಗಳವಾರ, ಬೆಳಗ್ಗೆ 10.20. ಬೈರಕೂರು ಕಡೆಯ ಹದಿನೇಳು ಮಂದಿ ಟೊಮೆಟೊ ಬೆಳೆಗಾರರು ಠಾಣೆಗೆ ಬಂದರು. ಮುಂದೆ ನಿಂತವರು ಅಶ್ವತ್ಥಪ್ಪ. ಇನ್‌ಸ್ಪೆಕ್ಟರ್ ಆಶಾರಾಣಿಯ ಮೇಜಿನ ಮೇಲೆ ದೂರಿನ ಅರ್ಜಿ ಇಟ್ಟು, ಅದರ ಮೇಲೆ ಬೇರುಸಮೇತ ಕಿತ್ತ ಒಂದು ಗಿಡ ಇಟ್ಟರು. ಎಲೆಗಳೆಲ್ಲ ಮುದುರಿಹೋಗಿದ್ದವು.

"ನಾಟಿ ಮಾಡಿ ಎಂಟೇ ದಿನಕ್ಕೆ ಹಿಂಗಾಯ್ತು ಮೇಡಂ. ಆ ಆದಿಲಕ್ಷ್ಮಿ ನಮಗೆ ರೋಗದ ಸಸಿ ಮಾರವ್ಳೆ."

"ಅವರ ನರ್ಸರಿಗೆ ಲ್ಯಾಬ್ ರಿಪೋರ್ಟ್ ಇತ್ತಲ್ವಾ?"

"ಮೋಸ ಇರೋದೇ ಅಲ್ಲಿ. ಎರಡನೇ ರಿಪೋರ್ಟ್ ನೋಡಿ."

ನರಸಾಪುರದ ಬಳಿಯ ಒಂದು ಖಾಸಗಿ ಲ್ಯಾಬಿನದು. ಏಪ್ರಿಲ್ 2ರಂದು ಆದಿಲಕ್ಷ್ಮಿ ಪರೀಕ್ಷೆಗೆ ಕೊಟ್ಟ ಎಲೆಯಲ್ಲಿ ವೈರಸ್ ಇರಲಿಲ್ಲ. ಗಲಾಟೆಯಾದ ಮೇಲೆ, ಮೇ 3ರಂದು, ಅದೇ ಎಲೆಯ ಡಿಎನ್‌ಎ ಫೈಲನ್ನು ಮತ್ತೆ ತೆಗೆದು ನೋಡಿದಾಗಲೂ ಇರಲಿಲ್ಲ. ಹೊಲದ ಗಿಡದಲ್ಲಿ ಮಾತ್ರ ಇತ್ತು. ಅಂದರೆ ಪರೀಕ್ಷೆಗೆ ಬೇರೆ ಯಾರದೋ ಒಳ್ಳೆಯ ಎಲೆ ಕೊಟ್ಟು, ರೈತರಿಗೆ ರೋಗದ ಸಸಿ ಮಾರಿದ್ದಾಳೆ ಎಂದಾಯಿತು. ಎಲ್ಲ ಸರಿಯಾಗಿ ಕೂತಿತ್ತು. ಇಷ್ಟು ಸಲೀಸಾಗಿ ಕೂರುವ ಕೇಸು ಕಂಡರೆ ಆಶಾರಾಣಿಗೆ ಮೊದಲಿಂದಲೂ ಆಗದು.

"ಶುಕ್ರವಾರ ಸಂಜೆವರೆಗೂ ನೋಡ್ತೀವಿ. ಅರೆಸ್ಟ್ ಆಗ್ಲಿಲ್ಲ ಅಂದ್ರೆ ನಮ್ಮೋರು ನನ್ ಮಾತೂ ಕೇಳಲ್ಲ," ಎಂದರು ಅಶ್ವತ್ಥಪ್ಪ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

11.05ಕ್ಕೆ ವಂಚನೆ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಕಂಪ್ಯೂಟರಿಗೆ ಏರಿಸಿದವನು ಹೆಡ್ ಕಾನ್‌ಸ್ಟೇಬಲ್ ಭೀಮರಾಜ್. ಮೇಜಿನ ಗಾಜಿನಡಿ ಒಂದು ಚೀಟಿ, ಅದನ್ನು ನೋಡಿಕೊಂಡು ಪರದೆಯ ಬಟನ್‌ಗಳನ್ನು ಬೆರಳಲ್ಲಿ ಎಣಿಸಿ ಎಣಿಸಿ ಒತ್ತುವುದು ಪುಣ್ಯಾತ್ಮನ ಪದ್ಧತಿ. ಠಾಣೆಯಲ್ಲಿ ಎಲ್ಲರಿಗೂ ಅದೊಂದು ನಗೆಪಾಟಲು.

ಮಧ್ಯಾಹ್ನ ನರ್ಸರಿಗೆ ಹೋದರೆ ಗೇಟಿನ ತುಂಬ ಮುದುರಿದ ಗಿಡಗಳನ್ನು ಕಟ್ಟಿದ್ದರು.

"ಮೊದಲ್ನೇ ದಿನ ಒಂದಿತ್ತು ಮೇಡಂ," ಎಂದಳು ಆದಿಲಕ್ಷ್ಮಿ. "ನಿನ್ನೆ ಹತ್ತು. ಇವತ್ತು ಎಣಿಸಕ್ಕೆ ಹೋಗಿಲ್ಲ."

"ಪರೀಕ್ಷೆಗೆ ಯಾರ ಎಲೆ ಕೊಟ್ರಿ?"

"ನಮ್ದೇ. ಟ್ರೇಯಿಂದ ನಾನೇ ಕಿತ್ತು ಕವರಿಗೆ ಹಾಕ್ದೆ."

"ಯಾರು ನೋಡಿದ್ರು?"

"ನಮ್ಮನೆಯವ್ರು ಉಮೇಶು. ಇನ್ಯಾರಿಲ್ಲ."

ಗಂಡನ ಸಾಕ್ಷಿ ಕೋರ್ಟಿನಲ್ಲಿ ಎಷ್ಟು ನಿಂತೀತು ಎಂದು ಹೇಳಬೇಕಾಗಿರಲಿಲ್ಲ. ಆದಿಲಕ್ಷ್ಮಿ ಗೇಟಿನತ್ತ ನೋಡುತ್ತಲೇ, "ಅಯ್ಯೋ ದೇವುಡಾ, ನನ್ನ ಕರ್ಕೊಂಡು ಹೋಗಿಬಿಡಿ ಮೇಡಂ. ಇಲ್ಲಿರೋದಕ್ಕಿಂತ ಲಾಕಪ್ಪೇ ವಾಸಿ," ಎಂದಳು.

ಮೇ 7, ಬುಧವಾರ, 11.30. ನರಸಾಪುರದ ಲ್ಯಾಬ್. ಮುಖ್ಯಸ್ಥೆ ಶೋಭಾರಾಣಿ ವಿವರಿಸಿದರು. "ಎಲೆಯೊಳಗಿನ ಡಿಎನ್‌ಎ ಅಕ್ಷರಗಳ ಉದ್ದ ಸಾಲಾಗಿ ಬರುತ್ತೆ. ಗೊತ್ತಿರೋ ವೈರಸ್‌ಗಳ ಪಟ್ಟಿ ಜೊತೆ ಸಾಫ್ಟ್‌ವೇರ್ ಅದನ್ನ ಹೋಲಿಸುತ್ತೆ. ಅಪ್‌ಡೇಟ್ ಮಾಡಿದ್ರೆ ಹೊಸ ವೈರಸ್‌ಗಳೂ ಪಟ್ಟಿಗೆ ಸೇರ್ತವೆ."

"ಮಾಡಿದ್ರಾ?"

"ಗಲಾಟೆ ಶುರುವಾದ್ಮೇಲೆ, ಏಪ್ರಿಲ್ 30ಕ್ಕೆ ನಾನೇ ಕೂತು ಮಾಡ್ದೆ. ಅಲ್ಲಿವರೆಗೂ ಎರಡು ವರ್ಷ ಹಳೇದೇ ಇತ್ತು."

"ಯಾಕೆ?"

ಉತ್ತರ ಕೊಟ್ಟವನು ಕಂಪ್ಯೂಟರಿನ ಮುಂದೆ ಕೂತಿದ್ದ ಕದಿರೇಶ್. ಹನ್ನೊಂದು ವರ್ಷದಿಂದ ಅಲ್ಲಿದ್ದಾನೆ, ವಾಚ್‌ಮನ್‌ನಿಂದ ಹಿಡಿದು ಎಲ್ಲರೂ ಅವನನ್ನು 'ಡಾಕ್ಟ್ರು' ಎನ್ನುತ್ತಾರೆ. "ಓಡ್ತಿರೋ ಗಾಡಿಗೆ ಯಾಕೆ ಕೈ ಹಾಕೋದು ಅಂತ ಮೇಡಂ."

"ಆದಿಲಕ್ಷ್ಮಿ ಫೈಲ್ ತೆಗೀರಿ."

ಸಾಫ್ಟ್‌ವೇರ್ ತೆರೆದ ಕೂಡಲೇ ಪರದೆ ಮೇಲೆ ಒಂದು ಚೌಕದಲ್ಲಿ ಏನೋ ಬರಹ ಬಂತು. ಕದಿರೇಶ್ ಅದನ್ನು ಫಟ್ಟನೆ ಮುಚ್ಚಿದ. ಆಮೇಲೆ ಅವನ ಬೆರಳು ಗಾಳಿಯಲ್ಲಿ ಒಂದು, ಎರಡು, ಮೂರು ಎಂದು ಆಡಿ, ಅಲ್ಲೇ ನಿಂತಿತು. ಹಿಂದೆ ನಿಂತಿದ್ದ ಭೀಮರಾಜ್ ಆ ಬೆರಳನ್ನೇ ನೋಡುತ್ತಿದ್ದ.

ಜೀಪು ಹತ್ತುವಾಗ ಉಮೇಶ್ ಫೋನ್ ಮಾಡಿದ. "ಮೇಡಂ, ಸಸಿ ಬೆಳೆಸೋ ಶೇಡ್‌ನೆಟ್ ಸುತ್ತ ಡೀಸೆಲ್ ಸುರಿದವ್ರೆ. ಗೇಟಿನ ಮೇಲೆ ಬೆಂಕಿಪೊಟ್ಣ ಇಟ್ಟೋಗವ್ರೆ."

ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಅಲ್ಲಿಗೆ ಓಡಿಸಿ, ಆಶಾರಾಣಿ ಸೀಟಿಗೊರಗಿದಳು. ಶುಕ್ರವಾರದವರೆಗೆ ಯಾರೂ ಕಾಯುವಂತೆ ಕಾಣಲಿಲ್ಲ.

"ಮೇಡಂ," ಎಂದ ಭೀಮರಾಜ್, "ಆ ಮನುಷ್ಯನಿಗೆ ಕೆಲಸ ಬರಲ್ಲ."

"ಏನ್ರೀ ಹಂಗಂದ್ರೆ? ಡಾಕ್ಟ್ರು ಅಂತಾರಲ್ರೀ."

"ಅಂತಾರೆ. ಬೆರಳು ನೋಡಿದ್ರಾ? ಎಡದಿಂದ ಮೂರನೇ ಬಟನ್ ಅಂತ ಎಣಿಸ್ತಾವ್ನೆ. ಅಪ್‌ಡೇಟಲ್ಲಿ ಜಾಗ ಬದಲಾಗೈತೆ, ಅದಕ್ಕೆ ತಡವರಿಸ್ತಾವ್ನೆ. ನಾನು ದಿನಾ ಮಾಡೋದು ಅದೇ ಅಲ್ವಾ? ಹಾವಿನ ಹೆಜ್ಜೆ ಹಾವಿಗೇ ಗೊತ್ತು."

"ಅವನು ಮುಚ್ಚಿದ್ನಲ್ಲ, ಅದರಲ್ಲಿ ಏನಿತ್ತು?"

"ಅವನೂ ಓದಿರಲ್ಲ ಬಿಡಿ. ನಾನೂ ಅಂಥವೆಲ್ಲ ಓದಲ್ಲ."

ಜೀಪು ಮತ್ತೆ ಲ್ಯಾಬಿನತ್ತ ತಿರುಗಿತು. 1.15, ಕದಿರೇಶ್ ಊಟಕ್ಕೆ ಹೋಗಿದ್ದ. ಶೋಭಾರಾಣಿ ಸಾಫ್ಟ್‌ವೇರ್ ತೆರೆದು, ಚೌಕದಲ್ಲಿದ್ದ ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ಹೇಳಿದರು. "ಇವತ್ತಿನ ಸಲಹೆ. ಈ ಆವೃತ್ತಿಯಿಂದ, ಫೈಲಿನಲ್ಲಿ ಯಾರು, ಯಾವಾಗ, ಏನು ತಿದ್ದಿದರೂ ಫೈಲಿನೊಳಗೇ ದಾಖಲಾಗಿರುತ್ತೆ. ನೋಡೋಕೆ ಇಲ್ಲಿ ಒತ್ತಿ."

ಒತ್ತಿದರು. ಮೇ 2, ಬೆಳಗ್ಗೆ 6.50. ಹೆಸರು ಕದಿರೇಶ್. ಮೊದಲಿದ್ದ ಸಾಲು ಪೂರ್ತಿ ಅಳಿಸಿ, ಇನ್ನೊಂದನ್ನು ತಂದು ಅಂಟಿಸಲಾಗಿತ್ತು. ಅಂಟಿಸಿದ್ದು ಶ್ರೀನಿವಾಸಪುರದ ಬೇರೊಂದು ನರ್ಸರಿಯ ಎಲೆಯದು, ಒಂದಕ್ಷರವೂ ಆಚೀಚೆ ಇರಲಿಲ್ಲ. ಅಳಿಸಿದ್ದನ್ನು ವಾಪಸ್ ತಂದು ಹೊಸ ಪಟ್ಟಿಯ ಜೊತೆ ಹೋಲಿಸಿದರು. ವೈರಸ್ಸಿನ ಹೆಸರಿನ ಮುಂದೆ ಕೆಂಪು ಗುರುತು ಬಂತು.

2.30ಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಂಪ್ಯೂಟರ್ ಜಪ್ತಿಯಾಯಿತು. ಕದಿರೇಶನ ಡ್ರಾಯರಿನಲ್ಲಿ ರಟ್ಟು ಸವೆದ ನೋಟ್‌ಬುಕ್ಕೊಂದು ಸಿಕ್ಕಿತು. ದುಂಡನೆಯ ಕನ್ನಡ ಅಕ್ಷರ. 'ಎಡದಿಂದ ಮೂರನೇ ಬಟನ್. ಆಮೇಲೆ ಹಸಿರು. ಕೆಂಪು ಬಂದರೆ ರೋಗ.' ಹೀಗೆ ನಲವತ್ತು ಪುಟ. 3.40ಕ್ಕೆ ಅವನನ್ನು ಬಂಧಿಸಿದರು.

"ಯಾಕ್ರೀ?" ಎಂದಳು ಆಶಾರಾಣಿ.

"ಗ್ಲಾಸು ತೊಳೆಯಕ್ಕೆ ಸೇರ್ದೋನು ನಾನು ಮೇಡಂ. ಮೊದಲಿದ್ದೋರು ಕೆಲಸ ಬಿಟ್ಟಾಗ, ಅವ್ರು ಒತ್ತೋದನ್ನ ನೋಡಿ ಬರ್ಕೊಂಡಿದ್ದೆ. ಅಪ್‌ಡೇಟ್ ಆದ್ರೆ ಬಟನ್ ಎಲ್ಲಿಗೋ ಹೋಗ್ತವೆ. ಎರಡು ವರ್ಷ ಕಂಪ್ಯೂಟರ್ ಕೇಳಿದಾಗೆಲ್ಲ 'ಆಮೇಲೆ' ಅಂತ ಒತ್ತಿದೆ. ಅವತ್ತು ಹೊಸ ಪಟ್ಟೀಲಿ ನೋಡಿದ್ರೆ ಕೆಂಪು ಬಂತು. ನಂಗೆ ಬರಲ್ಲ ಅನ್ನೋದು ಬಯಲಾಗುತ್ತೆ ಅಂತ ಬೇರೆ ಸಾಲು ತಂದು ಅಂಟಿಸ್ದೆ. ಕಾಪಿ ಪೇಸ್ಟ್ ಒಂದು ಬದಲಾಗಿರ್ಲಿಲ್ಲ."

"ಅಲ್ಲೊಬ್ಬ ಹೆಣ್ಣುಮಗಳನ್ನ ಸುಡೋಕೆ ನಿಂತವ್ರೆ. ಗೊತ್ತೇನ್ರೀ?"

ಕದಿರೇಶ್ ತಲೆ ತಗ್ಗಿಸಿದ. "ನಮ್ಮವ್ವ ಕೂಡ ನನ್ನ ಡಾಕ್ಟ್ರು ಅಂತಾಳೆ. ಬರಲ್ಲ ಅಂತ ಯಾರಿಗೆ ಹೇಳ್ಲಿ ಮೇಡಂ?"

ಸಂಜೆ 6ಕ್ಕೆ ಆದಿಲಕ್ಷ್ಮಿಯನ್ನೂ ಅಶ್ವತ್ಥಪ್ಪನವರನ್ನೂ ಕರೆಸಿ ವಿಷಯ ತಿಳಿಸಿದರು. ಆದಿಲಕ್ಷ್ಮಿ ಕೇಳಿದಳು.

"ಹಂಗಾದ್ರೆ ರೋಗ ನಮ್ ಸಸೀಲೇ ಇತ್ತಾ ಮೇಡಂ?"

"ಇತ್ತಮ್ಮ. ನಿಮಗೆ ಗೊತ್ತಿರಲಿಲ್ಲ."

ಇಷ್ಟು ದಿನ ಅಳದಿದ್ದವಳು ಈಗ ಗೊಳೋ ಎಂದು ಅತ್ತಳು. ಅಶ್ವತ್ಥಪ್ಪ ಟವೆಲ್ ಹಿಂಡುತ್ತ ನಿಂತಿದ್ದರು. "ಗೇಟಿನ ಗಿಡ ನಾವೇ ಬಿಚ್ತೀವಮ್ಮ," ಎಂದರು.

"ಬಿಚ್ಚಿ," ಎಂದಳು ಆಶಾರಾಣಿ. "ಡೀಸೆಲ್ ಸುರಿದವರನ್ನ ನಾಳೆ ಬೆಳಗ್ಗೆ ನೀವೇ ಕರ್ಕೊಂಡು ಬನ್ನಿ. ಅದಕ್ಕೆ ಬೇರೆ ಎಫ್‌ಐಆರ್ ಇದೆ."

ಬಂಧನದ ವಿವರ ಏರಿಸಲು ಭೀಮರಾಜ್ ಕಂಪ್ಯೂಟರಿನ ಮುಂದೆ ಕೂತ. ಹೊಸ ಆವೃತ್ತಿ ಬಂದಿದೆ, ಅಪ್‌ಡೇಟ್ ಮಾಡಲೇ, ಎಂದು ಪರದೆ ಕೇಳುತ್ತಿತ್ತು. 'ಆಮೇಲೆ' ಎಂಬ ಬಟನ್ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಗಾಜಿನಡಿಯಿಂದ ಚೀಟಿ ಎಳೆದು ಜೇಬಿಗೆ ಹಾಕಿಕೊಂಡ.

"ಮೇಡಂ," ಎಂದ, "ಇದು ನಂಗೆ ಬರಲ್ಲ. ಸ್ವಲ್ಪ ಹೇಳ್ಕೊಡಿ."

ಠಾಣೆಯಲ್ಲಿ ಯಾರೂ ನಗಲಿಲ್ಲ. ಆಶಾರಾಣಿ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.